ಕಾಂಟೆಸ್ಸಾದ ಎಂಜಿನ್ ಅದರದೇ ಹೌದೇ?

ಹಳೆಯ ಕಾರಿನ ಎಂಜಿನ್ ಅಸಲಿಯೇ ಎಂದು ನೋಡುವುದರಲ್ಲಿ ಎರಡು ಪರೀಕ್ಷೆಗಳಿವೆ. ಕಂಪನಿ ಆ ಮಾದರಿಗೆ ಕೂರಿಸುತ್ತಿದ್ದ ಜಾತಿಯ ಎಂಜಿನ್ನೇ ಅದರಲ್ಲಿದೆಯೇ ಎಂಬುದು ಮೊದಲನೆಯದು. ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಇದ್ದ ಎಂಜಿನ್ನೇ ಇಂದಿಗೂ ಇದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಬಾನೆಟ್ ಎತ್ತಿ ನೋಡಿದರೆ ಸಾಕು. ಎರಡನೆಯದಕ್ಕೆ ನಂಬರು, ಕಾಗದ, ಲೋಹ ಮೂರನ್ನೂ ಓದಬೇಕಾಗುತ್ತದೆ.

ಅಮೆರಿಕದ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ನಿನ ಬಲಿಷ್ಠ ಕಾರುಗಳ, ಲೋಕದಲ್ಲಿ ಈ ಎರಡನೆಯ ಪರೀಕ್ಷೆಯೇ ಬೆಲೆ ಕಟ್ಟುತ್ತದೆ. ಭಾರತದಲ್ಲಿ ಅಭಿಮಾನಿಗಳು ಮಸಲ್ ಕಾರು ಎಂದು ಕರೆಯುವುದು ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾವನ್ನು. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ವಿನ್ಯಾಸ ಆಧರಿಸಿ 1984ರಲ್ಲಿ ಬಂದ ಈ ಉದ್ದ ಮೂತಿಯ ಕಾರಿನ ತಯಾರಿಕೆ 2002ರಲ್ಲಿ ನಿಂತಿತು. ದಾವಣಗೆರೆ, ಹರಿಹರದ ಕಡೆ ಹಳೆಯ ಕಾಂಟೆಸ್ಸಾ ಕೊಳ್ಳಹೊರಟವರು ಮೊದಲು ತಿಳಿದಿರಬೇಕಾದ್ದು ಅದರ ಹೊಟ್ಟೆಯಲ್ಲಿ ಕಾಲಕಾಲಕ್ಕೆ ಏನೇನಿತ್ತು ಎಂಬುದನ್ನು.

ಆರಂಭದ ಕಾರುಗಳಲ್ಲಿ ಇದ್ದದ್ದು ಅಂಬಾಸಡರ್‌ನ 1489 ಸಿಸಿ ಬಿಎಂಸಿ ಪೆಟ್ರೋಲ್ ಎಂಜಿನ್. ಅದರ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೆ ಇರುತ್ತದೆ. ವಾಲ್ವುಗಳನ್ನು ಪುಶ್ ರಾಡ್‌ಗಳು ಎತ್ತುತ್ತವೆ. ಅಷ್ಟು ಭಾರದ ಕಾರಿಗೆ ಆ ಶಕ್ತಿ ಸಾಲಲಿಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ನೂ ಐದು ಗೇರಿನ ಪೆಟ್ಟಿಗೆಯೂ ಬಂದವು. ಇದರ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆಯೇ ಇದೆ. ಆಮೇಲೆ ಇಸುಜುವಿನದೇ ಎರಡು ಲೀಟರ್ ಡೀಸೆಲ್ ಎಂಜಿನ್ ಸೇರಿತು. ಸ್ಪಾರ್ಕ್ ಪ್ಲಗ್ಗೂ ಡಿಸ್ಟ್ರಿಬ್ಯೂಟರೂ ಇಲ್ಲದೆ ಡೀಸೆಲ್ ಪಂಪು, ಇಂಜೆಕ್ಟರ್ ಪೈಪುಗಳು ಕಂಡರೆ ಅದು ಡೀಸೆಲ್ ಎಂದು ಯಾರಾದರೂ ಹೇಳಬಲ್ಲರು. ಆದರೆ ಕಾರು ಹುಟ್ಟಿದ್ದೇ ಡೀಸೆಲ್ ಆಗಿಯೋ, ಪೆಟ್ರೋಲ್ ತುಟ್ಟಿಯಾಯಿತೆಂದು ಆಮೇಲೆ ಬದಲಾಯಿತೋ ಎಂಬುದು ಅಷ್ಟರಿಂದ ತಿಳಿಯದು. ಬಿಎಂಸಿ ಎಂಜಿನ್ನಿನ ಮೊದಲ ಕಾಂಟೆಸ್ಸಾಗಳ ತೊಡಕು ಇನ್ನೂ ಹೆಚ್ಚು: ಅಂಬಾಸಡರ್‌ನಿಂದ ಇಳಿಸಿದ ಎಂಜಿನ್ ಕೂಡ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಅಲ್ಲಿ ನಂಬರೇ ಗತಿ.

ಎಂಜಿನ್ ಬ್ಲಾಕಿನ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದ ಹೆಸರಾದ ಹರಿಹರದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಕ ಹೊಯ್ಯುವಾಗ ಅಚ್ಚಿನಿಂದಲೇ ಮೂಡಿದ ಅಕ್ಷರಗಳು ಉಬ್ಬಿರುತ್ತವೆ. ಅವು ಬ್ಲಾಕಿನ ಜಾತಿಯನ್ನು ಹೇಳುತ್ತವೆ. ಮೆಷಿನಿಂಗ್ ಮುಗಿದ ಮೇಲೆ ಪಂಚ್ ಮಾಡಿದ ಎಂಜಿನ್ ನಂಬರು ತಗ್ಗಾಗಿರುತ್ತದೆ. ಅದು ಆ ಒಂದೇ ಎಂಜಿನ್ನಿನದು. ಉಬ್ಬಿದ್ದನ್ನು ಬದಲಿಸುವುದು ಕಷ್ಟ, ತಗ್ಗಾದದ್ದನ್ನು ತಿಕ್ಕಿ ಹೊಸದು ಹೊಡೆಯುವುದು ಸುಲಭ.

ಅಮೆರಿಕದ ಷೆವ್ರೊಲೆ ಕಂಪನಿಯ ಬ್ಲಾಕುಗಳಲ್ಲಿ ಎರಕದ ದಿನಾಂಕವೂ ಇರುತ್ತಿತ್ತು. ‘ಸಿ 14 9’ ಎಂದಿದ್ದರೆ ಸಿ ಎಂಬುದು ಮೂರನೆಯ ತಿಂಗಳು, 14 ತಾರೀಕು, 9 ವರ್ಷದ ಕೊನೆಯ ಅಂಕಿ. 1969ರ ಕಾರಿನಲ್ಲಿ ಅದು ಮಾರ್ಚ್ 14. ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಕಾರು ಕೊನೆಗೆ. ಈ ಸರಣಿ ತಪ್ಪಿದರೆ, ಅಂದರೆ ಕಾರು ತಯಾರಾದ ಮೇಲೆ ಬ್ಲಾಕು ಎರಕಗೊಂಡಿದ್ದರೆ, ಬೇರೆ ವಾದವೇ ಬೇಡ. ಯಾವ ದೇಶದ ಕಾರಿಗೂ ಇದಕ್ಕಿಂತ ಗಟ್ಟಿಯಾದ ತರ್ಕವಿಲ್ಲ.

ನಂಬರಿನ ಸುತ್ತಲಿನ ಲೋಹವನ್ನೂ ಟಾರ್ಚು ಹಿಡಿದು ನೋಡಬೇಕು. ಷೆವ್ರೊಲೆ ಎಂಜಿನ್ನಿನಲ್ಲಿ ಕಾರ್ಖಾನೆಯ ಯಂತ್ರ ಬಿಟ್ಟ ನೇರ ಗೆರೆಗಳು ನಂಬರಿನಡಿ ಉಳಿದಿರುತ್ತವೆ. ಕೈ ಗ್ರೈಂಡರ್ ಆಡಿಸಿದ ಕಡೆ ಸುತ್ತುಗೆರೆ ಕಾಣುತ್ತದೆ, ಜಾಗ ತಗ್ಗಾಗಿರುತ್ತದೆ, ಅಂಕಿಗಳು ಸಾಲು ತಪ್ಪಿರುತ್ತವೆ. ಆದರೆ ಗೆರೆ ಅಳಿದಿದ್ದೆಲ್ಲ ಮೋಸವಲ್ಲ. ಆ ಎಂಜಿನ್ನುಗಳ ನಂಬರು ಹೆಡ್ ಕೂರುವ ಸಮತಲದ ಅಂಚಿನಲ್ಲೇ ಇರುವುದರಿಂದ, ರಿಪೇರಿಗೆಂದು ಬ್ಲಾಕಿನ ಮುಖ ಗ್ರೈಂಡ್ ಮಾಡಿಸಿದಾಗ ಎಷ್ಟೋ ಪ್ರಾಮಾಣಿಕ ಎಂಜಿನ್ನುಗಳೂ ನಂಬರು ಕಳೆದುಕೊಂಡಿವೆ. ತಿಕ್ಕಿ ಹಾಕಿದ ನಂಬರನ್ನು ವಿಧಿವಿಜ್ಞಾನ ಪ್ರಯೋಗಾಲಯಗಳು ಕೆಲವೊಮ್ಮೆ ಆಮ್ಲದ ದ್ರಾವಣ ಸವರಿ ಮತ್ತೆ ಕಾಣಿಸುವಂತೆ ಮಾಡುತ್ತವೆ. ಪಂಚಿನ ಪೆಟ್ಟು ತಿಂದ ಲೋಹ ಅಡಿಯಲ್ಲೂ ಬಿಗಿದುಕೊಂಡಿರುತ್ತದೆ. ಆ ಭಾಗದ ಮೇಲೆ ದ್ರಾವಣ ಬೇರೆ ವೇಗದಲ್ಲಿ ಕೆಲಸ ಮಾಡುತ್ತದೆ.

ಇನ್ನು ಕಾಗದ. ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ಇಂಧನ, ಸಿಸಿ, ತಯಾರಾದ ತಿಂಗಳು ಇರುತ್ತವೆ. ಇಂಧನದ ಕಡೆ ಪೆಟ್ರೋಲ್ ಎಂದಿದ್ದು ಬಾನೆಟ್ಟಿನಡಿ ಡೀಸೆಲ್ ಇದ್ದರೆ ಕಾರಿನ ಇತಿಹಾಸವೂ ಕೆಟ್ಟಿದೆ, ಕಾನೂನೂ ಮುರಿದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಯನ್ನು ಅನುಮತಿಯಿಲ್ಲದೆ ಒಪ್ಪುವುದಿಲ್ಲ. ನೋಂದಣಿ ಸಂಖ್ಯೆಯೂ ಸುಳಿವು ಕೊಡುತ್ತದೆ. ದಾವಣಗೆರೆಯ ಕೆಎ-17 ಸೇರಿದಂತೆ ಕೆಎ ಸರಣಿ ಬಂದದ್ದು 1989ರಲ್ಲಿ. 1986ರ ಕಾಂಟೆಸ್ಸಾಕ್ಕೆ ಕೆಎ-17 ನಂಬರಿದ್ದರೆ ಅದು ಬೇರೆಡೆಯಿಂದ ಬಂದು ಮತ್ತೆ ನೋಂದಣಿಯಾಗಿರುವ ಸಾಧ್ಯತೆ ಹೆಚ್ಚು; ಹಿಂದಿನ ದಾಖಲೆ ಕೇಳಿ ನೋಡಲೇಬೇಕು. ಆರ್‌ಸಿಯ ಎಂಜಿನ್ ನಂಬರು ಕೂಡಿಬಂದರೂ ಅಲ್ಲಿಗೇ ನಿಲ್ಲಬಾರದು: ಎಂಜಿನ್ ಬದಲಿಸಿ ಕಾನೂನುಬದ್ಧವಾಗಿ ನಮೂದಿಸಿದ್ದರೂ ಅದು ಕೂಡಿಬರುತ್ತದೆ. ಮೊದಲ ಮಾರಾಟದ ಇನ್‌ವಾಯ್ಸ್, ಹಳೆಯ ವಿಮೆ ಪಾಲಿಸಿ ಸಿಕ್ಕರೆ ಅವುಗಳ ಮಾತೇ ಹೆಚ್ಚು ನಂಬಿಕೆಗೆ ಯೋಗ್ಯ.

ಇದು ಬರೀ ಹವ್ಯಾಸಿಗಳ ಚಪಲವಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳು ವಿಂಟೇಜ್ ನೋಂದಣಿ ಪಡೆಯಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದೆ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಂಬರಿನಲ್ಲಿ ‘ವಿಎ’ ಅಕ್ಷರಗಳು ಸೇರುತ್ತವೆ. ಮೊದಲ ಕಾಂಟೆಸ್ಸಾಗಳು ಆ ವಯಸ್ಸು ಮುಟ್ಟುವುದು 2034ರಲ್ಲಿ. ಅಲ್ಲಿಯವರೆಗೆ ಮಾಲೀಕರು ಮಾಡಬೇಕಾದ್ದು ಇಷ್ಟೇ: ಇಳಿಸಿದ ಹಳೆಯ ಪೆಟ್ರೋಲ್ ಎಂಜಿನ್ ಶೆಡ್ಡಿನಲ್ಲಿದ್ದರೆ ಗುಜರಿಗೆ ಹಾಕಬೇಡಿ, ಬೋರಿಂಗಿಗೆ ಬ್ಲಾಕು ಕೊಡುವ ಮುನ್ನ ನಂಬರಿನ ಫೋಟೊ ತೆಗೆದಿಟ್ಟು, ಆ ಜಾಗಕ್ಕೆ ಗ್ರೈಂಡರ್ ತಾಕಿಸಬಾರದೆಂದು ಲೇತ್ ಅಂಗಡಿಯವರಿಗೆ ಹೇಳಿ ಬನ್ನಿ.