ಲಾಲ್‌ಬಾಗ್ ಬಂಡೆಯ ಮೇಲೆ ಶಿಲೆಗಳ ಪಾಠ

ಬೋಧನಾಭ್ಯಾಸದ ನಾಲ್ಕನೇ ವಾರ ನಾಗರಬಾವಿಯ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಶಿಲೆಗಳ ಪಾಠ ಮಾಡಿದೆ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಮೂರರ ವ್ಯಾಖ್ಯೆಯನ್ನೂ ಮಕ್ಕಳು ತಪ್ಪಿಲ್ಲದೆ ಒಪ್ಪಿಸಿದರು. ನನಗೂ ಸಮಾಧಾನವಾಯಿತು. ಶನಿವಾರ ಅದೇ ಮಕ್ಕಳನ್ನು ವಿಜಯನಗರದಿಂದ ಮೆಟ್ರೊದಲ್ಲಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಲಾಲ್‌ಬಾಗ್‌ಗೆ ಕರೆದೊಯ್ದೆವು. ಬಂಡೆ ಹತ್ತಿ ನಿಂತು, "ಕಾಲ ಕೆಳಗಿರುವುದು ಯಾವ ಶಿಲೆ?" ಎಂದರೆ ಒಬ್ಬರೂ ಬಾಯಿಬಿಡಲಿಲ್ಲ.

ತಪ್ಪು ನನ್ನ ಪಾಠಯೋಜನೆಯದೇ. ಗೋಪುರದಿಂದ ಆರಂಭಿಸಿ ಬಂಡೆಗೆ ಬರುವುದು ಎಂದು ಬರೆದುಕೊಂಡಿದ್ದೆ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಇದೊಂದು. ಉಳಿದವು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದ ಬಳಿ ಇವೆ. ಇಷ್ಟು ಹೇಳುವಷ್ಟರಲ್ಲಿ ಮಕ್ಕಳು ಊರು ನೋಡಲು ಅಂಚಿಗೆ ಓಡಿಯಾಗಿತ್ತು.

ಆಗ ನೆರವಾದದ್ದು ನೀರಿನ ಬಾಟಲಿ. ಒಬ್ಬ ಹುಡುಗಿ ಕುಡಿಯುವಾಗ ಚೆಲ್ಲಿದ ನೀರಿನಲ್ಲಿ ಕಲ್ಲು ಒದ್ದೆಯಾಗಿ, ಬಿಳಿ–ಕಪ್ಪು ಪಟ್ಟೆಗಳು ಎದ್ದು ಕಂಡವು. "ಮಿಸ್, ಯಾರೋ ಬಣ್ಣ ಬಳಿದಿದ್ದಾರೆ!" ಎಲ್ಲರೂ ಬಗ್ಗಿದರು. ಭೂತಗನ್ನಡಿ ಕೊಟ್ಟೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಗೆ ಮಿನುಗುವುದು ಅಭ್ರಕ. ನೆಲದಾಳದ ಶಾಖ, ಒತ್ತಡಗಳಲ್ಲಿ ಖನಿಜಗಳು ಹೀಗೆ ಪಟ್ಟೆಯಾಗಿ ಬೇರ್ಪಟ್ಟ ರೂಪಾಂತರ ಶಿಲೆಯೇ ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು. ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಸುತ್ತಿಗೆ ಒಯ್ಯಬಾರದು; ನೀರು ಸಾಕು.

"300 ಕೋಟಿ ಅಂತ ಹೇಗೆ ಗೊತ್ತು ಮಿಸ್?" ಈ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. ಇಂಥ ಶಿಲೆಯ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಗೊತ್ತಾದ ಗತಿಯಲ್ಲಿ ಸೀಸವಾಗುತ್ತದೆ. ಎರಡರ ಪ್ರಮಾಣ ಅಳೆದು ವಯಸ್ಸು ತಿಳಿಯುತ್ತಾರೆ. ಉರಿದ ಮೇಣದಬತ್ತಿ ನೋಡಿ ಎಷ್ಟು ಹೊತ್ತಾಯಿತೆಂದು ಹೇಳಿದಂತೆ ಎಂದೆ. ಹೋಲಿಕೆ ಪೂರ್ತಿ ಸರಿಯಲ್ಲ. ಮೇಣ ಒಂದೇ ಸಮ ಕರಗುತ್ತದೆ. ಯುರೇನಿಯಂ ಉಳಿದದ್ದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ ಎಂದು ಇಳಿಯುತ್ತದೆ. ಅದನ್ನು ಸೋಮವಾರ ಕಾಗದ ಮಡಿಸಿ ತೋರಿಸಿದೆ.

ಸಂಖ್ಯೆಯ ಗಾತ್ರ ಮನಸ್ಸಿಗೆ ಇಳಿದದ್ದು ಅಳತೆಪಟ್ಟಿಯಿಂದ. 1,000 ವರ್ಷಕ್ಕೆ ಒಂದು ಮಿಲಿಮೀಟರ್ ಎಂದರೆ ಬಂಡೆಯ ವಯಸ್ಸು 3 ಕಿಲೋಮೀಟರ್. 1537ರಲ್ಲಿ ಕಟ್ಟಿದ ಬೆಂಗಳೂರಿನದು ಅರ್ಧ ಮಿಲಿಮೀಟರ್. ಒಬ್ಬ ಹುಡುಗ ಪಟ್ಟಿಯ ಮೇಲೆ ಉಗುರಿಟ್ಟು ಬಹಳ ಹೊತ್ತು ನೋಡುತ್ತಿದ್ದ. ಮರಳುವ ಮೆಟ್ರೊದಲ್ಲಿ ಅವನೇ ಹೇಳಿದ: "ನಮ್ಮನೆ ಅಡುಗೆಕಟ್ಟೆಯ ಗ್ರಾನೈಟ್‌ನಲ್ಲೂ ಇದೇ ಪಟ್ಟೆ ಇದೆ ಮಿಸ್. ಅದು ಗ್ರಾನೈಟೇನಾ?"