ಗಂಟೆಗೆ ಮೂರು ಮೈಲಿ ದೋಣಿ, ಗಂಟೆಗೊಂದು ಕಾನೂನು

ಚರ್ಕ್ ಎಂಬ ಊರಿನ ಮೇಲ್ಗಾಲುವೆ ನೆಲದಿಂದ ಸುಮಾರು 70 ಅಡಿ ಎತ್ತರದಲ್ಲಿದೆ. ಕೆಳಗೆ ಹರಿಯುವುದು ಕೈರಿಯೋಗ್ ಎಂಬ ಸಣ್ಣ ಹೊಳೆ. ಅಲ್ಲಿ ಇಂಗ್ಲೆಂಡಿಗೂ ವೇಲ್ಸಿಗೂ ಗಡಿ ಅದೇ. ಹೊಳೆಗೆ ಅಡ್ಡಲಾಗಿ ಕಲ್ಲಿನ ಹತ್ತು ಕಮಾನು, ಕಮಾನಿನ ಮೇಲೆ ಕಾಲುವೆ, ಕಾಲುವೆಯಲ್ಲಿ ದೋಣಿ. ಪಕ್ಕದಲ್ಲೇ ಅದಕ್ಕಿಂತ ಎತ್ತರದ ಇನ್ನೊಂದು ಸೇತುವೆಯ ಮೇಲೆ ರೈಲು. ಮ್ಯಾಂಚೆಸ್ಟರಿನ ತಂಗಿ ಮನೆಗೆ ಹೋಗಿದ್ದಾಗ ಹಟ ಹಿಡಿದು ಇದನ್ನು ನೋಡಲು ಬಂದಿದ್ದೆ. ಮಂಡ್ಯ ಕಡೆಯವನು ನಾನು, ವಿ.ಸಿ. ನಾಲೆಯ ಏರಿಯ ಮೇಲೆ ಸೈಕಲ್ ಕಲಿತವನು. ನೀರನ್ನು ಗದ್ದೆಗೆ ಬಿಡದೆ ಅದರ ಮೇಲೆ ದೋಣಿ ಓಡಿಸುವ ಜನರ ಬಗ್ಗೆ ಮೊದಲಿನಿಂದಲೂ ಒಂದು ಬೆರಗು, ಸ್ವಲ್ಪ ಅನುಮಾನ.

ಬಂದದ್ದು ಕಮಾನು ನೋಡಲು. ಮನಸ್ಸಿನಲ್ಲಿ ಇಂದಿಗೂ ಕೂತಿರುವುದು ಒಂದು ನೋಟ್‌ಬುಕ್.

ದಂಡೆಗೆ ದೋಣಿ ಕಟ್ಟಿಕೊಂಡು ಗಂಡ ಹೆಂಡತಿ ಚಹಾ ಕುಡಿಯುತ್ತಿದ್ದರು. ಇಬ್ಬರಿಗೂ ಎಪ್ಪತ್ತರ ಮೇಲೆ ವಯಸ್ಸು. ಆಕೆ ನಿವೃತ್ತ ಶಾಲಾ ಶಿಕ್ಷಕಿ. ಕೊರೊನಾ ಕಾಲದಲ್ಲಿ ನಿಮ್ಮ ದೋಣಿಯ ಕಥೆ ಏನಾಯಿತು ಎಂದು ಸುಮ್ಮನೆ ಮಾತಿಗೆ ಕೇಳಿದೆ. ಆಕೆ ಒಳಗೆ ಹೋಗಿ ಗೆರೆ ಹಾಕಿದ ನೋಟ್‌ಬುಕ್ ತಂದು ಮಡಿಲಲ್ಲಿ ಬಿಚ್ಚಿಟ್ಟರು. 2020ರ ಪ್ರವಾಸದ ಯೋಜನೆಗಳು. ಊರುಗಳ ಹೆಸರು ಇಂಕಿನಲ್ಲಿ, ತಾರೀಕುಗಳು ಮಾತ್ರ ಪೆನ್ಸಿಲಿನಲ್ಲಿ, ಅವೂ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿತ್ತು. ಪುಟದ ಎಡಕ್ಕೆ ‘ಇಂಗ್ಲೆಂಡ್’, ಬಲಕ್ಕೆ ‘ವೇಲ್ಸ್’. ನಡುವಿನ ಗೆರೆಯನ್ನು ಸ್ಕೇಲ್ ಇಟ್ಟು ಎಳೆದಿದ್ದರು.

ಲಾಕ್‌ಡೌನ್ ಕಂಡ ಓದುಗರಿಗೆ ಲಾಕ್‌ಡೌನ್ ಅಂದರೇನೆಂದು ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ ಆರೋಗ್ಯದ ವಿಚಾರ ಲಂಡನ್, ವೇಲ್ಸಿನ ಕಾರ್ಡಿಫ್, ಎಡಿನ್‌ಬರೋ ಸರ್ಕಾರಗಳಿಗೆ ಬೇರೆ ಬೇರೆ ಎಂಬುದೊಂದನ್ನು ಮಾತ್ರ ನೆನಪಿಡಬೇಕು. 2020ರ ಮಾರ್ಚ್ 23ರಂದು ಎಲ್ಲರೂ ಒಟ್ಟಿಗೆ ಬಾಗಿಲು ಹಾಕಿದರು. ತೆಗೆಯುವಾಗ ಒಬ್ಬೊಬ್ಬರದು ಒಂದೊಂದು ತಾಳ. ಈ ಲಾಂಗೊಲೆನ್ ಕಾಲುವೆಯೋ ಇಂಗ್ಲೆಂಡಿನ ಹರ್ಲ್‌ಸ್ಟನ್‌ನಲ್ಲಿ ಶುರುವಾಗಿ ವೇಲ್ಸಿನ ಬೆಟ್ಟದ ಸಂದಿಯಲ್ಲಿ ಮುಗಿಯುತ್ತದೆ. ಒಟ್ಟು 46 ಮೈಲಿ, ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ 21 ಲಾಕ್. ಎರಡು ಕಡೆಯಲ್ಲೂ ಕಾಲುವೆಯ ಒಡೆತನ ಒಂದೇ ಸಂಸ್ಥೆಯದು, 2012ರಲ್ಲಿ ಹುಟ್ಟಿದ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್. ಒಡೆಯ ಒಬ್ಬ, ನೀರು ಒಂದು, ಕಾನೂನು ಎರಡು.

ಆಕೆ ಬೆರಳಿಟ್ಟು ತೋರಿಸಿದ ಮೊದಲ ಪುಟ ಜುಲೈನದು. ಮನೆಯಿಂದ ಹೊರಗೆ ರಾತ್ರಿ ತಂಗಲು ಇಂಗ್ಲೆಂಡಿನಲ್ಲಿ ಅನುಮತಿ ಸಿಕ್ಕಿದ್ದು ಜುಲೈ 4ಕ್ಕೆ. ವೇಲ್ಸಿನಲ್ಲಿ ಆಗಿನ್ನೂ ‘ಊರಲ್ಲೇ ಇರಿ’ ಎಂಬ ಐದು ಮೈಲಿಯ ಸೂಚನೆ. ಅದು ಹೋದದ್ದು ಜುಲೈ 6ಕ್ಕೆ. ಅಲ್ಲಿ ರಾತ್ರಿ ತಂಗುವುದಕ್ಕೆ ಜುಲೈ 11ರವರೆಗೆ ಕಾಯಬೇಕು, ಅದೂ ಸ್ವಂತ ಅಡುಗೆಮನೆ, ಸ್ವಂತ ಶೌಚಾಲಯ ಇರುವ ವಸತಿಗೆ ಮಾತ್ರ. ಅಂದರೆ ಆ ನಡುವಿನ ಐದು ದಿನ ಇಂಗ್ಲೆಂಡಿನ ದೋಣಿಯವರು ವೇಲ್ಸಿಗೆ ಹೋಗಬಹುದಿತ್ತು, ಊಟ ಮಾಡಬಹುದಿತ್ತು, ನಿದ್ದೆ ಮಾಡುವಂತಿರಲಿಲ್ಲ. ಮೇಲ್ಗಾಲುವೆ ದಾಟಿ, ಬೆಟ್ಟ ನೋಡಿ, ಕತ್ತಲಾಗುವ ಮೊದಲು ಮತ್ತೆ ಮೇಲ್ಗಾಲುವೆ ದಾಟಿ ಈಚೆ ದಂಡೆಗೆ ಹಗ್ಗ ಕಟ್ಟುವುದು. ಕಾರಿನಲ್ಲಾದರೆ ಇದು ದೊಡ್ಡ ಮಾತಲ್ಲ. ಈ ದೋಣಿಗಳಿಗೆ ಕಾಲುವೆಯಲ್ಲಿ ವೇಗದ ಮಿತಿಯೇ ಗಂಟೆಗೆ ನಾಲ್ಕು ಮೈಲಿ. ಮೂರು ಹೋದರೆ ಹೆಚ್ಚು.

ಎರಡನೆಯ ಪುಟ ನನಗೆ ಇನ್ನೂ ಇಷ್ಟ. ಸೆಪ್ಟೆಂಬರ್ 14ರಿಂದ ಎರಡೂ ಕಡೆ ‘ಆರು ಜನರ ನಿಯಮ’ ಬಂತು. ಇಂಗ್ಲೆಂಡಿನಲ್ಲಿ ಬೇರೆ ಬೇರೆ ಮನೆಯವರು ಸೇರುವಾಗ ಆರು ಅಂದರೆ ಆರೇ, ತೊಟ್ಟಿಲ ಕೂಸೂ ಲೆಕ್ಕಕ್ಕೆ. ವೇಲ್ಸಿನಲ್ಲಿ ಹನ್ನೊಂದು ವರ್ಷದೊಳಗಿನ ಮಕ್ಕಳನ್ನು ಎಣಿಸುವುದಿಲ್ಲ, ಆದರೆ ಸೇರುವ ಮನೆಗಳೆಲ್ಲ ಒಂದೇ ‘ವಿಸ್ತೃತ ಕುಟುಂಬ’ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಅಜ್ಜ, ಅಜ್ಜಿ, ಮಗಳು, ಅಳಿಯ, ಮೂವರು ಪುಟ್ಟ ಮೊಮ್ಮಕ್ಕಳು: ಏಳು ಜನ. ಟೀಚರಮ್ಮನ ಲೆಕ್ಕದ ಪ್ರಕಾರ ಮೇಲ್ಗಾಲುವೆಯ ದಕ್ಷಿಣ ತುದಿಯಲ್ಲಿ ಈ ದೋಣಿ ಅಪರಾಧ, ಉತ್ತರ ತುದಿಯಲ್ಲಿ ಸಂಸಾರ. ಗಡಿಯವರೆಗೆ ಒಬ್ಬ ಮೊಮ್ಮಗನನ್ನು ದಂಡೆಯ ಮೇಲೆ ನಡೆಸಿಕೊಂಡು ಹೋದರೆ ಆಗುತ್ತದೆಯೇ ಎಂದು ಅಜ್ಜ ಗಂಭೀರವಾಗಿಯೇ ಯೋಚಿಸಿದ್ದರಂತೆ. ಕೊನೆಗೆ ಮಗಳೇ ಬೇಡ ಎಂದಳು. ಮುದುಕರಿಬ್ಬರೇ ಹೊರಟರು.

ಸೆಪ್ಟೆಂಬರ್ 29ರಂದು, ಇವರು ಲಾಂಗೊಲೆನ್ ಕಡೆ ಇದ್ದಾಗ ರೇಡಿಯೊದಲ್ಲಿ ಸುದ್ದಿ: ಅಕ್ಟೋಬರ್ 1ರ ಸಂಜೆ ಆರರಿಂದ ರೆಕ್ಸಮ್, ಡೆನ್‌ಬಿಷೈರ್ ಸೇರಿ ಉತ್ತರ ವೇಲ್ಸಿನ ನಾಲ್ಕು ಜಿಲ್ಲೆಗಳಿಗೆ ಬೀಗ, ಸರಿಯಾದ ಕಾರಣವಿಲ್ಲದೆ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ವಾಪಸು ಮನೆಗೆ ಹೋಗುವುದು ಸರಿಯಾದ ಕಾರಣವೇ ಎಂದು ಆಕೆಗೆ ಗೊತ್ತಿತ್ತು. ಆದರೂ ಕಾಯದೆ ಹೊರಟರು. ಇಲ್ಲೊಂದು ಪೇಚು. ಅವರ ದೋಣಿ ಐವತ್ತೆಂಟು ಅಡಿ ಉದ್ದ, ಏಳು ಅಡಿಗೂ ಕಡಿಮೆ ಅಗಲ. ಕಾಲುವೆಯಲ್ಲಿ ಅದನ್ನು ಎಲ್ಲೆಂದರಲ್ಲಿ ತಿರುಗಿಸಲಾಗುವುದಿಲ್ಲ. ದಂಡೆಯನ್ನು ಒಳಗೆ ಕೊರೆದು ಅಗಲ ಮಾಡಿದ ಜಾಗಗಳು ಅಲ್ಲಲ್ಲಿ ಇರುತ್ತವೆ. ಅಲ್ಲಿವರೆಗೆ ಮುಂದಕ್ಕೇ ಹೋಗಬೇಕು. ಇಂಗ್ಲೆಂಡಿಗೆ ಓಡಿಬರಲು ಮೊದಲು ವೇಲ್ಸಿನ ಇನ್ನಷ್ಟು ಒಳಕ್ಕೆ ಹೋಗಿ, ತಿರುಗಿ, ಬಂದರು. ಗಡಿ ದಾಟುವಾಗ ಅಕ್ಟೋಬರ್ 1ರ ಮಧ್ಯಾಹ್ನ. ಮೇಲ್ಗಾಲುವೆಯ ಮೇಲೆ ಪೊಲೀಸರು ಇದ್ದರಾ ಎಂದೆ. “ಒಬ್ಬ ಇದ್ದ, ನಾಯಿ ವಾಕಿಂಗ್ ಮಾಡಿಸುತ್ತಿದ್ದ. ಪೊಲೀಸ್ ಅಲ್ಲ ಅಂತ ಕಾಣುತ್ತೆ,” ಎಂದರು ಅಜ್ಜ.

ನಗು ಬಂತು, ಜೊತೆಗೇ ತಲಪಾಡಿಯೂ ನೆನಪಾಯಿತು. ಅದೇ 2020ರ ಮಾರ್ಚಿನಲ್ಲಿ ಕಾಸರಗೋಡಿನ ಕಡೆಯ ರಸ್ತೆಗಳಿಗೆ ನಮ್ಮವರು ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ರೋಗಿಗಳು ಆಚೆ ಸಿಕ್ಕಿಕೊಂಡರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಗಡಿ ಅಂದರೆ ಜೀವದ ಪ್ರಶ್ನೆ, ಇಲ್ಲಿ ವಾರಾಂತ್ಯದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಧೈರ್ಯ ನನಗಿಲ್ಲ.

ಇನ್ನು ನನ್ನ ತಲೆ ತಿಂದ ಹದಿನಾಲ್ಕು ದಿನಗಳ ವಿಚಾರ. ಮ್ಯಾಂಚೆಸ್ಟರಿಗೆ ವಾಪಸಾಗುವ ರೈಲಿನಲ್ಲಿ ತಂಗಿಗೆ ಇದನ್ನೇ ಹೇಳಿ ಹೇಳಿ ಬೈಸಿಕೊಂಡಿದ್ದೇನೆ.

ಟ್ರಸ್ಟಿನ ಕಾಲುವೆಗಳಲ್ಲಿ ಪರವಾನಗಿ ಪಡೆದ ಸುಮಾರು 35,000 ದೋಣಿಗಳಿವೆ. ಅವುಗಳಲ್ಲಿ 5,000ಕ್ಕೂ ಹೆಚ್ಚು ದೋಣಿಗಳಿಗೆ ಕಾಯಂ ಕಟ್ಟುವ ಜಾಗವಿಲ್ಲ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅಂಥವರು ನಿಜವಾಗಿಯೂ ಸಂಚಾರ ಮಾಡುತ್ತಿರಬೇಕು, ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದು. ನಿಂತರೆ ಪರವಾನಗಿಗೇ ಕುತ್ತು. ಎಷ್ಟು ದೂರ ಹೋಗಬೇಕು? ಕಾಯ್ದೆಯಲ್ಲಿ ಅದಿಲ್ಲ. ಈ ಮೌನದ ಮೇಲೆ ವರ್ಷಗಟ್ಟಲೆ ಜಗಳ ನಡೆದಿದೆ. ಬಾತ್ ಮತ್ತು ಬ್ರಾಡ್‌ಫರ್ಡ್-ಆನ್-ಏವನ್ ನಡುವೆ ಸುಮಾರು ಹತ್ತು ಮೈಲಿಯಲ್ಲೇ ಹಿಂದೆ ಮುಂದೆ ಓಡಾಡುತ್ತಿದ್ದ ಒಬ್ಬರಿಗೆ 2011ರಲ್ಲಿ ಬ್ರಿಸ್ಟಲ್ ನ್ಯಾಯಾಲಯ, ಇದು ಸಂಚಾರವಲ್ಲ, ವಾಸ ಎಂದಿತು. ಹತ್ತು ಸಾಲದಿದ್ದರೆ ಎಷ್ಟು ಸಾಕು? ಕಡೆಗೆ ಟ್ರಸ್ಟು ತನ್ನ ಅಂದಾಜು ಕೊಟ್ಟಿತು: ಪರವಾನಗಿಯ ಅವಧಿಯಲ್ಲಿ 15ರಿಂದ 20 ಮೈಲಿಯ ವ್ಯಾಪ್ತಿಯಾದರೂ ಇರಲಿ ಎಂದು. ಕಾನೂನಿನ ಬಾಯಲ್ಲಿ ಮಾತ್ರ ಇಂದಿಗೂ ಸಂಖ್ಯೆಯಿಲ್ಲ.

2020ರ ಮಾರ್ಚಿನಲ್ಲಿ ಇಂಥವರಿಗೆ ಏನಾಯಿತು ನೋಡಿ. ಹದಿನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸದಿದ್ದರೆ ತಪ್ಪು ಎನ್ನುವ ಕಾಯ್ದೆ ಒಂದು ಕಡೆ, ಜಾಗ ಬಿಟ್ಟು ಕದಲಿದರೆ ತಪ್ಪು ಎನ್ನುವ ಹೊಸ ನಿಯಮ ಇನ್ನೊಂದು ಕಡೆ. ಸೋಂಕಿನ ಅನುಮಾನವಿದ್ದ ಮನೆಯವರು ಒಳಗೇ ಇರಬೇಕಾದ ಅವಧಿಯೂ ಆಗ ಹದಿನಾಲ್ಕೇ ದಿನ! ಬಿಡಿಸಿಕೊಳ್ಳುವ ದಾರಿ ಆ ಕಲಮಿನ ಬಾಲದಲ್ಲೇ ಇತ್ತು: ಸಂದರ್ಭಕ್ಕೆ ತಕ್ಕಂತೆ ಇನ್ನೂ ಹೆಚ್ಚು ದಿನ ನಿಲ್ಲಬಹುದು ಎಂಬ ಅರ್ಥದ ಒಂದು ತುಣುಕು. ಟ್ರಸ್ಟು ಓಡಾಟದ ನಿಯಮವನ್ನು ತಡೆಹಿಡಿಯಿತು. ನೀರಿಗೂ ಶೌಚದ ಡಬ್ಬಿ ಖಾಲಿ ಮಾಡಲೂ ಬೇಕಾದಷ್ಟು ಮಾತ್ರ ದೋಣಿ ಕದಲಿಸಿ ಎಂದಿತು. 1995ರಲ್ಲಿ ಆ ತುಣುಕು ಸೇರಿಸಿದವರ ಕಣ್ಣ ಮುಂದೆ ಇದ್ದದ್ದು ಹಿಮಗಟ್ಟಿದ ಕಾಲುವೆಯೋ ಕೆಟ್ಟ ಎಂಜಿನ್ನೋ ಇರಬೇಕು. ನನಗಂತೂ ಯಾವ ಮೇಲ್ಗಾಲುವೆಗಿಂತಲೂ ಆ ತುಣುಕೇ ಗಟ್ಟಿ ಕಟ್ಟಡ ಅನ್ನಿಸಿತು.

ಟ್ರಸ್ಟಿನ ಇನ್ನೊಂದು ಪಾಡು ತಮಾಷೆಯದು. ನೀರಿನ ಪಕ್ಕ ನಡೆಯಿರಿ, ಮನಸ್ಸಿಗೆ ಹಿತ ಎಂದು ವರ್ಷಗಳಿಂದ ಪ್ರಚಾರ ಮಾಡಿಕೊಂಡು ಬಂದ ಸಂಸ್ಥೆ ಅದು. ಲಾಕ್‌ಡೌನಿನಲ್ಲಿ ಜನ ಆ ಮಾತನ್ನು ನಂಬಿ ದಂಡೆಯ ಹಾದಿಗೆ ನುಗ್ಗಿದರು. ಹಾದಿಯೇ ಕಿರಿದು, ಅದಕ್ಕೆ ತಾಗಿಕೊಂಡೇ ಜನವಾಸದ ದೋಣಿಗಳು. ಓಡುವವನ ಉಸಿರು ನೇರ ಅಡುಗೆಮನೆಯ ಕಿಟಕಿಗೆ. ದೋಣಿಗಳು ನಿಂತಿರುವ ಕಡೆ ದಯವಿಟ್ಟು ಬರಬೇಡಿ ಎಂದು ಅದೇ ಸಂಸ್ಥೆ ಬೇಡಿಕೊಳ್ಳಬೇಕಾಯಿತು.

ಇತಿಹಾಸ ಎರಡು ಮಾತಿನಲ್ಲಿ ಮುಗಿಸುತ್ತೇನೆ, ಅದು ಎಲ್ಲ ಕೈಪಿಡಿಗಳಲ್ಲೂ ಇದೆ. ಥಾಮಸ್ ಟೆಲ್ಫರ್ಡ್, ವಿಲಿಯಂ ಜೆಸಪ್ ಕಟ್ಟಿಸಿದರು. ಚರ್ಕ್ ಮೇಲ್ಗಾಲುವೆ 1801ರಲ್ಲಿ, ಮುಂದಿರುವ ಪಾಂಟ್‌ಕಸಲ್ತೆ ಮೇಲ್ಗಾಲುವೆ 1805ರಲ್ಲಿ ಮುಗಿಯಿತು. ಎರಡನೆಯದು ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ. 2009ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಗಾರೆಗೆ ಎತ್ತಿನ ರಕ್ತ ಬೆರೆಸಿದರು ಎನ್ನುವುದನ್ನು ಗೈಡುಗಳು ಹೇಳುವಷ್ಟು ಸವಿದು ಹೇಳಲು ನನಗೆ ಬರುವುದಿಲ್ಲ. 1944ರಲ್ಲಿ ಈ ಕಾಲುವೆಯಲ್ಲಿ ದೋಣಿ ಸಂಚಾರವನ್ನೇ ಕಾಯ್ದೆ ಮಾಡಿ ನಿಲ್ಲಿಸಿದರು. ಆದರೂ ಕಾಲುವೆ ಉಳಿಯಿತು. ಡೀ ನದಿಯಿಂದ ದಿನಕ್ಕೆ ಸುಮಾರು 1.2 ಕೋಟಿ ಗ್ಯಾಲನ್ ನೀರು ಇದರಲ್ಲೇ ಇಳಿದು ಇಂಗ್ಲೆಂಡಿನ ಹರ್ಲ್‌ಸ್ಟನ್ ಜಲಾಶಯ ಸೇರುತ್ತದೆ, ಕುಡಿಯುವ ನೀರಾಗಿ. 2020ರ ಅಕ್ಟೋಬರಿನಲ್ಲೂ ಅದು ಅತ್ಯಗತ್ಯ ಸೇವೆಯ ಪಾಸ್ ಇದ್ದವರಂತೆ ಗಡಿ ದಾಟುತ್ತಲೇ ಇತ್ತು.

ನೋಟ್‌ಬುಕ್ಕಿನಲ್ಲಿ ಆ ವರ್ಷದ ಕೊನೆಯ ಕೆಲವು ಪುಟ ಖಾಲಿ. ಅಕ್ಟೋಬರ್ 23ರಿಂದ ನವೆಂಬರ್ 9ರವರೆಗೆ ವೇಲ್ಸ್ ಪೂರ್ತಿ ಮುಚ್ಚಿತು. ಅದು ತೆರೆಯುವ ಹೊತ್ತಿಗೆ ಇಂಗ್ಲೆಂಡ್ ನವೆಂಬರ್ 5ರಿಂದ ಮುಚ್ಚಿಕೊಂಡಿತ್ತು. ಮತ್ತೆ ಎರಡೂ ಅಂಕಣಗಳಲ್ಲಿ ಒಂದೇ ತಾರೀಕು ಕಂಡದ್ದು 2021ರ ಏಪ್ರಿಲ್ 12. ಅಂದು ಇಂಗ್ಲೆಂಡಿನಲ್ಲಿ ಒಂದೇ ಮನೆಯವರು ದೋಣಿಯಲ್ಲಿ ತಂಗಬಹುದು ಎಂದಾಯಿತು, ವೇಲ್ಸ್ ಹೊರಗಿನವರಿಗೆ ಗಡಿ ತೆರೆಯಿತು. ಆ ಒಂದು ತಾರೀಕನ್ನು ಆಕೆ ಇಂಕಿನಲ್ಲಿ ಬರೆದಿದ್ದರು.

ಆ ಬೇಸಿಗೆ ವಿದೇಶಕ್ಕೆ ಹಾರಲಾಗದ ಬ್ರಿಟಿಷರೆಲ್ಲ ಕಾಲುವೆಗೆ ಇಳಿದರು, ಬಾಡಿಗೆ ದೋಣಿ ಸಿಗುವುದೇ ಕಷ್ಟವಾಯಿತು ಎಂದು ಅಜ್ಜ ಗೊಣಗಿದರು. ಹೊಸಬರಿಗೆ ಲಾಕಿನ ಬಾಗಿಲು ತೆರೆಯಲು ಬರುವುದಿಲ್ಲ, ಸ್ಯಾನಿಟೈಸರ್ ಹಚ್ಚಿಕೊಳ್ಳಲು ಮಾತ್ರ ಬರುತ್ತದೆ ಎಂಬುದು ಅವರ ದೂರು. ಅದರಲ್ಲಿ ಸ್ವಲ್ಪ ಹಳಬರ ಜಂಬವಿದೆ ಅನ್ನಿಸಿತು. ಆದರೆ ಹತ್ತಾರು ಕೈ ಮುಟ್ಟುವ ಆ ಬಾಗಿಲುಗಳಿಗೆ ಕೈಗವಸು, ತಮ್ಮದೇ ಕಬ್ಬಿಣದ ಹಿಡಿ ಒಯ್ಯುವ ಅಭ್ಯಾಸವನ್ನು ಅವರು ಈಗಲೂ ಬಿಟ್ಟಿಲ್ಲ.

ಇಂಗ್ಲೆಂಡಿನಲ್ಲಿ ಮಕ್ಕಳಿರುವ ನಮ್ಮವರು ಬೇಸಿಗೆಗೆ ಹೋದಾಗ ಇಂಥ ದೋಣಿಯನ್ನು ವಾರದ ಬಾಡಿಗೆಗೆ ಹಿಡಿಯಬಹುದು. ಲೈಸೆನ್ಸ್ ಕೇಳುವುದಿಲ್ಲ, ಒಂದು ಗಂಟೆ ಪಾಠ ಹೇಳಿ ಚುಕ್ಕಾಣಿ ಕೈಗೆ ಕೊಡುತ್ತಾರೆ. ವೇಲ್ಸಿನ ಕಡೆ ಹೋಗುವಾಗ ನೀರು ಎದುರಿಗೆ ಬರುತ್ತದೆ, ಚರ್ಕ್ ಮೇಲ್ಗಾಲುವೆ ದಾಟಿದೊಡನೆ ಸಿಗುವ 421 ಮೀಟರಿನ ಸುರಂಗದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಹೊತ್ತು ಹೆಚ್ಚಿಗೆ ಇಟ್ಟುಕೊಳ್ಳಿ. ಪಾಂಟ್‌ಕಸಲ್ತೆಯ ಮೇಲೆ ಕಟಕಟೆ ಇರುವುದು ಕಾಲುಹಾದಿಯ ಕಡೆ ಮಾತ್ರ. ಇನ್ನೊಂದು ಬದಿಯಲ್ಲಿ ತೊಟ್ಟಿಯ ಅಂಚು, ಅದರಾಚೆ ಬರೀ ಗಾಳಿ. ಮೊಮ್ಮಕ್ಕಳನ್ನು ಆ ಬದಿಯಿಂದ ಒಳಗೆ ಕರೆದುಕೊಳ್ಳಿ. ಈಗ ಎಷ್ಟು ಜನರಿದ್ದರೂ ಯಾರೂ ಎಣಿಸುವುದಿಲ್ಲ.