ಊರಿನ ಸರಕಾರಿ ಕಾಲೇಜು, ಮುಂಬಯಿಯ ಮಕ್ಕಳು: ತಯಾರಿ ಹತ್ತನೇ ತರಗತಿಯಲ್ಲೇ ಆಗಲಿ

ಜೂನ್, ಜುಲೈ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿ ಪರಿಸರದ ನಮ್ಮ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರಗಳ ಸುಗ್ಗಿ. ಉತ್ತಮ ಅಂಕ ಪಡೆದ ಮಕ್ಕಳಿಗೆ ವೇದಿಕೆಯಲ್ಲಿ ಶಾಲು, ಸ್ಮರಣಿಕೆ, ಪುಷ್ಪಗುಚ್ಛ, ಜತೆಗೊಂದು ಲಕೋಟೆ. ಪದಾಧಿಕಾರಿಗಳು ಮನೆ ಮನೆ ತಿರುಗಿ ಕೂಡಿಸಿದ ಹಣ ಅದು. ಈ ಕೆಲಸ ನಿಜಕ್ಕೂ ಶ್ಲಾಘನೀಯ. ಆದರೆ ಹನ್ನೆರಡನೇ ತರಗತಿಯ ಮಗು ಆ ವೇದಿಕೆ ಏರುವ ಹೊತ್ತಿಗೆ ಅದಕ್ಕೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಬಹುಪಾಲು ತೀರ್ಮಾನವಾಗಿ ಹೋಗಿರುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಈ ದಿನಗಳಲ್ಲಿ ನಮ್ಮವರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. 'ಮಗಳಿಗೆ ಒಳ್ಳೆಯ ಮಾರ್ಕು ಬಂದಿದೆ ಮಾರಾಯ್ರೆ, ಊರಿನ ಕಡೆ ಸರಕಾರಿ ಕಾಲೇಜಿನಲ್ಲಿ ಸೀಟು ಸಿಗಬಹುದೇ? ಏನಾದರೂ ಸ್ಕಾಲರ್‌ಶಿಪ್ ಇದೆಯೇ?' ಕೇಳುವವರು ಹೊಟೇಲು, ಕ್ಯಾಂಟೀನು, ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವ ಪಾಲಕರು. ಊರಿನಲ್ಲಿ ಅಜ್ಜಿ ಮನೆಯಿದೆ, ಖಾಸಗಿ ಕಾಲೇಜಿನ ಶುಲ್ಕ ಭರಿಸುವ ಶಕ್ತಿ ಇಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಎರಡು ರಾಜ್ಯಗಳ ನಿಯಮಗಳ ನಡುವೆ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಿ ಹೇಳುವ ಪ್ರಯತ್ನವೇ ಈ ಲೇಖನ.

ಅಂಕಪಟ್ಟಿಗಿಂತ ಮೊದಲು ರಾಜ್ಯ

ನಾವು ಮನೆಯಲ್ಲಿ ಕನ್ನಡ, ತುಳು ಮಾತಾಡುತ್ತೇವೆ, ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇವೆ. ಆದುದರಿಂದ ಕರ್ನಾಟಕ ನಮ್ಮದೇ ಎಂದುಕೊಳ್ಳುತ್ತೇವೆ. ಪ್ರವೇಶ ನೀಡುವ ಕಚೇರಿ ಕೇಳುವುದು ಬೇರೆಯದನ್ನು: ಮಗು ಎಷ್ಟು ವರ್ಷ, ಎಲ್ಲಿ ಓದಿದೆ? ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ಸರಕಾರಿ ಕೋಟಾದ ಸೀಟಿಗೆ ಸಾಮಾನ್ಯ ನಿಯಮದಂತೆ ವಿದ್ಯಾರ್ಥಿ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಮಗು ಇಲ್ಲಿಯೇ ಹೊರಗುಳಿಯುತ್ತದೆ.

ಹಣದ ನೆರವಿನ ಕಥೆಯೂ ಇದೇ. ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹೂ ಮಹಾರಾಜ್ ಶುಲ್ಕ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಬೋಧನಾ ಶುಲ್ಕದ ಅರ್ಧ ಸಿಗುತ್ತದೆ. 2024-25ರಿಂದ ಅದೇ ಆದಾಯ ಮಿತಿಯ ಇ.ಡಬ್ಲ್ಯು.ಎಸ್., ಎಸ್.ಇ.ಬಿ.ಸಿ. ಮತ್ತು ಒ.ಬಿ.ಸಿ. ವರ್ಗದ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳಲ್ಲಿ ಪೂರ್ತಿ ಶುಲ್ಕದ ನೆರವಿದೆ. ಆದರೆ ಇದೆಲ್ಲ ಮಹಾರಾಷ್ಟ್ರದ ಕಾಲೇಜಿಗೆ ಸರಕಾರಿ ಪ್ರವೇಶ ಪ್ರಕ್ರಿಯೆಯ ಮೂಲಕ ಸೇರಿದವರಿಗೆ. ಊರಿಗೆ ಹೋದರೆ ಇಲ್ಲಿನ ನೆರವು ಹಿಂದೆ ಉಳಿಯುತ್ತದೆ; ಅಲ್ಲಿನ ರಾಜ್ಯ ಸರಕಾರದ ವಿದ್ಯಾರ್ಥಿ ವೇತನಗಳು ಅಲ್ಲಿನ ನಿವಾಸಿಗಳಿಗೆ. ಅತ್ತ ದರಿ, ಇತ್ತ ಪುಲಿ ಎಂಬಂತಹ ಈ ಸ್ಥಿತಿ ಗೊತ್ತಾಗುವುದು ಫಲಿತಾಂಶ ಬಂದ ಮೇಲೆ!

ಅಪ್ಪನ ಏಳನೇ ಕ್ಲಾಸಿಗೂ ಬೆಲೆಯಿದೆ

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ನಮ್ಮಲ್ಲಿ ಬಹಳ ಮಂದಿ ಗಮನಿಸದ ಒಂದು ಕಲಮು ಉಂಟು. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಶಾಲೆ ಓದಿದ್ದು, ಮಗು ಪ್ರಥಮ ಹಾಗೂ ದ್ವಿತೀಯ ಪಿಯುಸಿ ಎರಡನ್ನೂ ಕರ್ನಾಟಕದಲ್ಲಿಯೇ ಓದಿ ತೇರ್ಗಡೆಯಾಗಿದ್ದರೆ, ಆ ಮಗು ಸರಕಾರಿ ಸೀಟಿಗೆ ಅರ್ಹ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ, ಚೀಲ ಹಿಡಿದು ಮುಂಬಯಿಗೆ ಬಂದು ಹೊಟೇಲು ಸೇರಿದ ನಮ್ಮ ತಲೆಮಾರಿನ ಎಷ್ಟು ಮಂದಿ ಇಲ್ಲ! 'ನಾನು ಓದಿದ್ದು ಬರೀ ಏಳನೇ' ಎಂದು ಸಂಕೋಚದಿಂದ ಹೇಳುವ ಅಪ್ಪನ ಆ ಏಳು ವರ್ಷಗಳೇ ಮಗಳಿಗೆ ಬಾಗಿಲು ತೆರೆಯಬಲ್ಲವು. ಅದಕ್ಕೆ ಊರಿನ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಬೇಕು. ಶಾಲೆ ಮುಚ್ಚಿದ್ದರೆ ಹಳೆಯ ದಾಖಲೆ ಎಲ್ಲಿದೆ ಎಂದು ವಿಚಾರಿಸಬೇಕು. ಇದು ಒಂದು ದಿನದ ಕೆಲಸವಲ್ಲ.

ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗಾಗಿ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಗಡಿನಾಡು ಎಂಬ ಅವಕಾಶ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಿಗೆ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳಿಗೆ ಸೀಮಿತ. ಥಾಣೆ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ನಾವು ನೋಡಬೇಕಾದದ್ದು ಹೊರನಾಡಿನ ಕಲಮನ್ನು. ಆಯಾ ವರ್ಷದ ಕೈಪಿಡಿಯಲ್ಲಿ ಅದರ ಷರತ್ತುಗಳನ್ನು ಸಾಲು ಸಾಲಾಗಿ ಓದುವುದು ಒಳಿತು. ಕನ್ನಡ ಓದಲು ಬರೆಯಲು ಬಾರದ ಮಗುವಿಗೆ ಮಾತ್ರ ಈ ದಾರಿ ಇಲ್ಲ. ಮನೆಯಲ್ಲಿ ವಾರಕ್ಕೆರಡು ತಾಸು ಅಕ್ಷರ ಕಲಿಸುವುದು ಭಾಷಾಭಿಮಾನವೂ ಹೌದು, ಲಾಭದ ಮಾತೂ ಹೌದು.

ಪಿಯುಸಿಗೆ ಊರಿಗೆ ಕಳುಹಿಸುವ ಮೊದಲು ಇನ್ನೊಂದು ಮಗ್ಗುಲನ್ನೂ ತೂಗಬೇಕು. ಮಹಾರಾಷ್ಟ್ರದ ರಾಜ್ಯ ಕೋಟಾದ ವೈದ್ಯಕೀಯ ಸೀಟಿಗೆ ಸಾಮಾನ್ಯವಾಗಿ 10 ಮತ್ತು 12 ಎರಡೂ ಇಲ್ಲಿಯೇ ಪಾಸಾಗಿರಬೇಕು. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚುತ್ತದೆ. ಹಾಗಾಗಿ ಈ ತೀರ್ಮಾನ ಹತ್ತನೇ ತರಗತಿ ಮುಗಿಯುವ ಮೊದಲೇ ಆಗಬೇಕು.

ಇಲ್ಲಿಯೇ ಓದಿ ಅಲ್ಲಿಗೆ ಹೋಗುವ ದಾರಿಗಳು

ಮಗುವನ್ನು ಹದಿನಾರರಲ್ಲಿ ಮನೆಯಿಂದ ಕಳುಹಿಸಲು ಮನಸ್ಸಿಲ್ಲದವರಿಗೂ ಅವಕಾಶಗಳಿವೆ. ಕೇಂದ್ರ ಸರಕಾರದ ಸಂಸ್ಥೆಗಳು ಎಲ್ಲ ರಾಜ್ಯದವರಿಗೂ ತೆರೆದಿವೆ. 1960ರಲ್ಲಿ ಆರಂಭವಾಗಿ 2002ರಲ್ಲಿ ಎನ್.ಐ.ಟಿ. ಆದ ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಅಲ್ಲಿ ಅರ್ಧ ಸೀಟು ಕರ್ನಾಟಕದಲ್ಲಿ 12ನೇ ಪಾಸಾದವರಿಗೆ, ಉಳಿದರ್ಧ ಹೊರ ರಾಜ್ಯದವರಿಗೆ. ಜೆ.ಇ.ಇ. ಮೇನ್ ರ‍್ಯಾಂಕ್ ಇದ್ದರೆ ಕಲ್ಯಾಣದ ಹುಡುಗ ಆ ಉಳಿದರ್ಧದಲ್ಲಿ ಸ್ಪರ್ಧಿಸಬಹುದು. ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿದರೆ ಸುರತ್ಕಲ್‌ನಲ್ಲೇ ಇಳಿಯಬಹುದು.

ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಪ್ರವೇಶ ಸಿ.ಯು.ಇ.ಟಿ. ಎಂಬ ಅಖಿಲ ಭಾರತ ಪರೀಕ್ಷೆಯ ಮೂಲಕ. ಕಲ್ಯಾಣದಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಕಲಬುರಗಿಗಿದೆ. ಉತ್ತರ ಕರ್ನಾಟಕ ಮೂಲದ ಬಂಧುಗಳು ಇದನ್ನು ಗಮನಿಸಬೇಕು. ವೈದ್ಯಕೀಯದಲ್ಲಿ ಸರಕಾರಿ ಕಾಲೇಜುಗಳ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಸೇರಿದ್ದು. 1924ರ ಮೈಸೂರು ವೈದ್ಯಕೀಯ ಕಾಲೇಜಿಗಾಗಲಿ 1957ರ ಹುಬ್ಬಳ್ಳಿಯ ಕಾಲೇಜಿಗಾಗಲಿ, ನೀಟ್ ರ‍್ಯಾಂಕ್ ಬಲದಿಂದ ವಾಶಿಯ ಮಗುವೂ ಹೋಗಬಹುದು.

ರೂಪಾಯಿ ಪೈಸೆಯ ಲೆಕ್ಕ

ಈಗ ಹಣದ ಮಾತು. ಎನ್.ಐ.ಟಿ.ಯಲ್ಲಿ ಬಿ.ಟೆಕ್. ಬೋಧನಾ ಶುಲ್ಕ ವರ್ಷಕ್ಕೆ 1,25,000 ರೂಪಾಯಿ ಎಂದು ಕೇಳಿದೊಡನೆ ಅನೇಕ ಪಾಲಕರು ಅರ್ಜಿಯನ್ನೇ ಕೈಬಿಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷದೊಳಗಿದ್ದರೆ ಆ ಶುಲ್ಕ ಪೂರ್ತಿ ಮನ್ನಾ. 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮನ್ನಾ. ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗೂ ಪೂರ್ತಿ ಮನ್ನಾ. ವರ್ಷಕ್ಕೆ 4 ಲಕ್ಷ ಆದಾಯದ ಮನೆಯೊಂದನ್ನು ತೆಗೆದುಕೊಳ್ಳೋಣ. ಕಟ್ಟಬೇಕಾದ ಬೋಧನಾ ಶುಲ್ಕ 1,25,000 ಅಲ್ಲ, ಸುಮಾರು 41,700. ನಾಲ್ಕು ವರ್ಷಕ್ಕೆ 5 ಲಕ್ಷದ ಬದಲು ಸುಮಾರು 1 ಲಕ್ಷ 67 ಸಾವಿರ. ಹಾಸ್ಟೆಲು, ಮೆಸ್ಸಿನ ಖರ್ಚು ಬೇರೆ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ಕೇಂದ್ರ ಸರಕಾರದ ವಿದ್ಯಾರ್ಥಿ ವೇತನವೊಂದಿದೆ; ಈಗ ಪಿ.ಎಂ.-ಯು.ಎಸ್.ಪಿ. ಎಂದು ಕರೆಯುತ್ತಾರೆ. ದೇಶದಲ್ಲಿ ವರ್ಷಕ್ಕೆ 82,000 ಮಂದಿಗೆ, ಅದರಲ್ಲಿ ಅರ್ಧ ಹುಡುಗಿಯರಿಗೆ. ಆದಾಯ ಮಿತಿ 4.5 ಲಕ್ಷ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ 20,000. ತನ್ನ ಮಂಡಳಿಯ 12ನೇ ಪರೀಕ್ಷೆಯಲ್ಲಿ 80 ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದು ಶೇ. 80 ಅಂಕವಲ್ಲ, ತನ್ನ ವಿಭಾಗದಲ್ಲಿ ಪರೀಕ್ಷೆ ಬರೆದ ಪ್ರತಿ ನೂರರಲ್ಲಿ ಮೊದಲ ಇಪ್ಪತ್ತರೊಳಗೆ ಇರುವುದು. ಇಲ್ಲಿ ಪಾಸಾಗಿ ಕರ್ನಾಟಕದಲ್ಲಿ ಪದವಿ ಓದಿದರೂ ಇದು ಸಿಗುತ್ತದೆ. ಬೇರೆ ವಿದ್ಯಾರ್ಥಿ ವೇತನ, ಶುಲ್ಕ ಮನ್ನಾ ಪಡೆಯುವವರಿಗೆ ಇದು ಇಲ್ಲವಾದ್ದರಿಂದ ಎರಡನ್ನೂ ಕೂಡಿಸಿ ಲೆಕ್ಕ ಹಾಕಬಾರದು.

ಸಾಲ ಕೊನೆಯ ಮೆಟ್ಟಿಲು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರಕಾರಿ ನೆರವು ಪಡೆಯದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ಸಹಾಯಧನವೂ ಇದೆ. ಅದು ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಸೀಮಿತ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಈ ಯೋಜನೆ ಇಲ್ಲ.

ಹೆಸರಿನ ಗೋಜಲು

ನೆರವು ತಪ್ಪುವುದು ಎಷ್ಟೋ ಸಲ ಅಂಕದಿಂದಲ್ಲ, ಕಾಗದದಿಂದ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ನಡುವೆ ತಂದೆಯ ಹೆಸರು. ಊರಿನ ಶಾಲೆಯ ದಾಖಲೆಯಲ್ಲಿ ಅಪ್ಪನಿಗೆ ಅಡ್ಡಹೆಸರೇ ಇಲ್ಲ, ಒಂದು ಇನಿಶಿಯಲ್ ಮಾತ್ರ. ಆಧಾರಿನಲ್ಲಿ ಮೂರನೆಯ ರೂಪ. ಮೂರೂ ಒಬ್ಬನೇ ಎಂದು ಕಂಪ್ಯೂಟರಿಗೆ ಗೊತ್ತಾಗದು. ಹತ್ತನೇ ಪರೀಕ್ಷೆಯ ಅರ್ಜಿ ತುಂಬುವ ಮೊದಲೇ ಇವನ್ನು ಸರಿಹೊಂದಿಸಬೇಕು. ಆದಾಯ ಪ್ರಮಾಣಪತ್ರ ತಹಶೀಲ್ದಾರರದ್ದು: ಡೊಂಬಿವಲಿಯವರಿಗೆ ಕಲ್ಯಾಣ್, ವಾಶಿ-ನೆರೂಲ್‌ನವರಿಗೆ ಥಾಣೆ, ಖಾರ್‌ಘರ್-ಕಾಮೋಠೆಯವರಿಗೆ ರಾಯಗಡ ಜಿಲ್ಲೆಯ ಪನ್ವೇಲ್. ಹಣ ನೇರ ಖಾತೆಗೆ ಬರುವುದರಿಂದ ಮಗುವಿನ ಹೆಸರಿನಲ್ಲಿ ಆಧಾರ್ ಜೋಡಿಸಿದ ಖಾತೆ ಮೊದಲೇ ತೆರೆದಿರಲಿ.

ಸಂಘಗಳು ಮಾಡಬಹುದಾದ ಕೆಲಸ

ಮುಂಬಯಿಯ ಕನ್ನಡಿಗರಿಗೆ ವಿದ್ಯೆಯ ವಿಷಯದಲ್ಲಿ ಸಂಘಟಿತರಾಗುವುದು ಹೊಸದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಹಗಲಿಡೀ ದುಡಿದ ಹುಡುಗರಿಗೆ ನಮ್ಮ ಹಿರಿಯರು ರಾತ್ರಿ ಶಾಲೆ ನಡೆಸಿದರು. ಹಗಲು ನೌಕರಿ, ಸಂಜೆ ಕಾಲೇಜು ಎಂದು ಬಿ.ಕಾಂ. ಮುಗಿಸಿದ ನಮ್ಮಂಥವರು ಆ ಪರಂಪರೆಯ ಫಲ. ಅಂದಿನ ಹುಡುಗನಿಗೆ ಬೇಕಿದ್ದದ್ದು ದೀಪ ಮತ್ತು ಮೇಷ್ಟ್ರು. ಇಂದಿನ ಮಗುವಿಗೆ ಬೇಕಾದದ್ದು ಸಮಯಕ್ಕೆ ಸರಿಯಾದ ಮಾಹಿತಿ.

ಪ್ರತಿ ಸಂಘವೂ ವರ್ಷಕ್ಕೆರಡು ಭಾನುವಾರ ಇದಕ್ಕಾಗಿ ಕೊಡಲಿ. ಒಂದು, ಆಗಸ್ಟ್‌ನಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಯ ಪಾಲಕರಿಗೆ. ಇನ್ನೊಂದು, ಡಿಸೆಂಬರ್‌ನಲ್ಲಿ ಹನ್ನೆರಡನೆಯವರಿಗೆ. ಸಭೆಗೆ ಭಾಷಣಕಾರರು ಬೇಡ. ಒಂದು ಮೇಜು, ಆ ವರ್ಷದ ಕೈಪಿಡಿಗಳು, ಅರ್ಜಿ ತುಂಬಲು ಬರುವ ನಾಲ್ವರು ಯುವಕ ಯುವತಿಯರು ಸಾಕು. ನಿವೃತ್ತ ಶಿಕ್ಷಕರು, ಬ್ಯಾಂಕು ನೌಕರರು, ಈಗಾಗಲೇ ಸುರತ್ಕಲ್, ಮೈಸೂರು, ಹುಬ್ಬಳ್ಳಿಯಲ್ಲಿ ಓದಿ ಬಂದ ನಮ್ಮ ಮಕ್ಕಳು ಎಲ್ಲ ಉಪನಗರಗಳಲ್ಲೂ ಇದ್ದಾರೆ. ಲಕೋಟೆಯ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಪ್ರವೇಶದ ವಾರದಲ್ಲಿ ಮೊದಲ ಕಂತು ಕಟ್ಟಲು ಕೈಗಡ ಕೊಡುವ ನಿಧಿ ಮಾಡಿದರೆ ಇನ್ನೂ ಒಳ್ಳೆಯದು. ಸರಕಾರಿ ನೆರವು ಖಾತೆಗೆ ಬರುವುದು ತಿಂಗಳುಗಳ ನಂತರ, ಶುಲ್ಕದ ಗಡುವು ನಾಲ್ಕೈದು ದಿನ. ಆ ನಾಲ್ಕೈದು ದಿನಗಳಲ್ಲಿ ಸೀಟು ಕೈತಪ್ಪಿ ಹೋಗದಂತೆ ನೋಡಿಕೊಳ್ಳುವುದು ಸಂಘದಿಂದ ಆಗುವ ಕೆಲಸ.

ಹತ್ತನೇ ತರಗತಿಯ ಮಕ್ಕಳಿರುವ ಪಾಲಕರು ಈ ವಾರವೇ ಊರಿಗೆ ಫೋನು ಮಾಡಿ, ತಮ್ಮ ಹಳೆಯ ಶಾಲೆಯ ದಾಖಲೆ ಎಲ್ಲಿದೆ ಎಂದು ಕೇಳಿಕೊಳ್ಳಲಿ.